ರಾಜನಿಗೊಂದು ಜೊತೆ ಬೂಟು

ಅವತ್ತು ಸದ್ದಣ್ಣ ಬಾಯಿ ಮುಚ್ಚಿಕೊಂಡು, ಕೈಗೆ ಸಿಕ್ಕಿದ ಯಾವುದೋ ಬೂಟು ಮೆಟ್ಟಿ, ರಾಜನ ಪರವಾಗಿ ದಡದಡ ನಡೆದುಬಿಟ್ಟಿದ್ದರೆ ಬೆಳಕಿರುವಾಗಲೇ ಮನೆ ಸೇರಿರುತ್ತಿದ್ದ. ಆದರೆ ಅವನು ಒಂದು ಪ್ರಶ್ನೆ ಕೇಳಿದ. ಕೆಲಸದ ಜಾಗದಲ್ಲಿ ಪ್ರಶ್ನೆ ಕೇಳಿದವನ ಗತಿ ಏನಾಗುತ್ತದೆಂದು ಗೊತ್ತಿದ್ದೂ ಕೇಳಿದ. ಇರಲಾರದವನು ಇರುವೆ ಬಿಟ್ಟುಕೊಂಡ ಅನ್ನುವುದು ಇಂಥವರನ್ನು ನೋಡಿಯೇ.

ಸದ್ದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಉದ್ಯೋಗ ಇಟ್ಟ ಹೆಸರು. ಸಿನಿಮಾದಲ್ಲಿ ಯಾರು ನಡೆದರೂ ಆ ನಡಿಗೆಯ ಸದ್ದನ್ನು ಆಮೇಲೆ ಸ್ಟುಡಿಯೋದ ಕೋಣೆಯೊಂದರಲ್ಲಿ, ಮೈಕಿನ ಮುಂದೆ ನಿಂತು ಹುಟ್ಟಿಸುವವನು ಅವನು. ತೆರೆಯ ಮೇಲೆ ಮೂಳೆ ಮುರಿದರೆ ಇಲ್ಲಿ ಮೂಲಂಗಿ ಮುರಿಯಬೇಕು. ಅಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಇಲ್ಲಿ ಪ್ಲಾಸ್ಟಿಕ್ ಹಾಳೆ ಮುದುಡಬೇಕು. ಅಲ್ಲಿ ನಾಯಕ ಹಿಮದಲ್ಲಿ ಅಲೆದರೆ ಇಲ್ಲಿ ಇವನು ಜೋಳದ ಹಿಟ್ಟಿನ ಚೀಲ ತುಳಿಯಬೇಕು. ಇಡೀ ದಿನ ಇಷ್ಟೆಲ್ಲ ಗದ್ದಲ ಎಬ್ಬಿಸುವ ಮನುಷ್ಯ ಮನೆಯಲ್ಲಿ ಮಾತ್ರ ಬೆಕ್ಕಿಗೂ ನಾಚಿಕೆಯಾಗುವಷ್ಟು ಮೆತ್ತಗೆ ಓಡಾಡುತ್ತಿದ್ದ. ಕಾರಣ ಅವನ ಮಗಳು. ಚೋಟುದ್ದ ಇದ್ದುದರಿಂದ ಚೋಟು ಎಂದೇ ಹೆಸರಾಗಿದ್ದ ಆ ಮಗುವಿನ ನಿದ್ದೆ ಹಾಲಿನ ಕೆನೆಯಷ್ಟು ತೆಳು, ಊದಿದರೆ ಹರಿಯುತ್ತಿತ್ತು.

ಒಂದು ಕಾರ್ಟೂನು ಸಿನಿಮಾದ ಕೆಲಸ ಒಪ್ಪಿಕೊಂಡ ತಿಂಗಳಲ್ಲೇ ಅವರು ಈ ಹೊಸ ಕಟ್ಟಡದ ಎರಡನೇ ಮಹಡಿಗೆ ಬಂದಿದ್ದರು. ಆಗಿನಿಂದ ಸದ್ದಣ್ಣ ಮನೆ ಬಿಡುವುದು ಮಗಳು ಏಳುವ ಮುಂಚೆ, ಮನೆ ಸೇರುವುದು ಮಗಳು ಮಲಗಿದ ಮೇಲೆ. ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ, ಬಾಗಿಲನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆರೆದು, ಅಲುಗಾಡಿ ಸದ್ದುಮಾಡುವ ಹಾಸಿನ ಕಲ್ಲೊಂದನ್ನು ದಾಟಿ, ಮಗಳ ಹೊದಿಕೆಯನ್ನು ಗಲ್ಲದವರೆಗೆ ಎಳೆದು, ಅವಳ ಶಾಲೆಯ ಬೂಟುಗಳನ್ನು ಬಾಗಿಲ ಕಡೆ ಮುಖಮಾಡಿ ಇಟ್ಟು ಹೋಗಿ ಮಲಗುವುದು. ತಿಂಗಳುಗಳಿಂದ ಅಪ್ಪ-ಮಗಳ ನಡುವೆ ನಡೆದ ವ್ಯವಹಾರ ಇಷ್ಟೇ.

ಅವತ್ತು ಬೆಳಿಗ್ಗೆ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಪಿಸುದನಿಯಲ್ಲಿ ಕೇಳಿದಳು.

"ಇವತ್ತಾದ್ರೂ?"

"ಇವತ್ತೇ ಕೊನೆ ಕಣೆ. ರಾಜನದ್ದೊಂದು ಮುಗಿಸಿದ್ರೆ ಆಯ್ತು. ದೀಪ ಹಚ್ಚೋ ಹೊತ್ತಿಗೆ ಮನೇಲಿರ್ತೀನಿ."

"ಹೋದ ವಾರ ಕುದುರೆದೊಂದು ಮುಗಿಸಿದ್ರೆ ಆಯ್ತು ಅಂದಿದ್ರಿ."

"ಕುದುರೆಗೆ ನಾಲ್ಕು ಕಾಲು. ರಾಜನಿಗೆ ಎರಡೇ."

ಅವಳಿಗೆ ನಗು ಬರಲಿಲ್ಲ. "ನೋಡಿ, ಇವತ್ತು ರಾತ್ರಿ ಅಪ್ಪ ನಿನ್ನ ಜೊತೆ ಊಟಕ್ಕೆ ಕೂತ್ಕೋತಾರೆ ಅಂತ ಚೋಟುಗೆ ಹೇಳಿದೀನಿ. ಅವಳು ಏನಂದ್ಲು ಗೊತ್ತಾ?"

"ಕುಣಿದಾಡಿರ್ತಾಳೆ."

"'ಪಾಪ, ಸುಮ್ನೆ ಏನೇನೋ ಹೇಳ್ಬೇಡಮ್ಮ' ಅಂತ ನನ್ನೇ ಸಮಾಧಾನ ಮಾಡಿದ್ಲು."

ಸದ್ದಣ್ಣ ಏನೋ ಹೇಳಹೊರಟ. ದನಿ ಏರಿದರೆ ಮಗು ಏಳುತ್ತದೆ. ಮಾತು ನುಂಗಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹೊರಟ.

*

ಸಿನಿಮಾದ ಕತೆ ಹೀಗಿತ್ತು. ಒಬ್ಬ ಮಾಂತ್ರಿಕ ಇಡೀ ರಾಜ್ಯದ ನಿದ್ದೆಯನ್ನು ಕದ್ದು ಚೀಲದಲ್ಲಿ ಕಟ್ಟಿಕೊಂಡು ಬೆಟ್ಟ ಹತ್ತಿ ಕುಳಿತಿದ್ದಾನೆ. ನಿದ್ದೆ ಬಾರದ ಪುಟ್ಟ ರಾಜಕುಮಾರಿ ತನ್ನ ಡೊಳ್ಳುಹೊಟ್ಟೆ ಗಿಳಿಯನ್ನು ಕಟ್ಟಿಕೊಂಡು ನಿದ್ದೆ ತರಲು ಹೊರಡುತ್ತಾಳೆ. ಎಲ್ಲೇ ಇರಲಿ, ರಾತ್ರಿಯಾದರೆ ಅವಳ ಅಪ್ಪ, ಅಂದರೆ ರಾಜ, ಬಂದು ನಾಲ್ಕು ಮಾತಾಡಿ, ಹೊದಿಕೆ ಹೊದಿಸಿ, ದೀಪ ಆರಿಸಿ ಹೋಗುತ್ತಾನೆ. ಕೊನೆಗೆ ನಿದ್ದೆ ಸಿಗುತ್ತದೆ, ರಾಜಕುಮಾರಿ ಗೊರಕೆ ಹೊಡೆಯುತ್ತಾಳೆ, ಬೆಳಿಗ್ಗೆ ಅವಳಿಗೆ ಕಿರೀಟ ತೊಡಿಸುತ್ತಾರೆ. ಶುಭಂ.

ಹೆಜ್ಜೆ ಹಾಕುವ ಕೆಲಸಕ್ಕೆ ಒಂದು ಪದ್ಧತಿಯಿದೆ. ಒಂದು ಸಲಕ್ಕೆ ಒಬ್ಬರ ಕಾಲು. ತೆರೆಯ ಮೇಲೆ ಏನೇ ಆಗುತ್ತಿರಲಿ, ಆ ಒಬ್ಬರ ಕಾಲನ್ನು ಬಿಟ್ಟು ಬೇರೇನನ್ನೂ ನೋಡಕೂಡದು. ಹಾಗಾಗಿ ಸದ್ದಣ್ಣ ಈ ಸಿನಿಮಾವನ್ನು ಮೊದಲಿನಿಂದ ಕೊನೆಯವರೆಗೆ ಎಷ್ಟೋ ಸಲ ನೋಡಿದ್ದರೂ ಮೊಣಕಾಲಿಗಿಂತ ಮೇಲೆ ನೋಡಿರಲಿಲ್ಲ. ಮೊದಲು ರಾಜಕುಮಾರಿಯ ಕಾಲು ಮುಗಿಸಿದ. ಚೋಟುಗೆ ಚಿಕ್ಕದಾಗಿಹೋದ ಹಳೆಯ ಬೂಟುಗಳನ್ನು ಅಂಗೈಗೆ ತೊಟ್ಟುಕೊಂಡು, ಮರಳಿನ ತಟ್ಟೆಯ ಮೇಲೆ, ಕಲ್ಲಿನ ಚಪ್ಪಡಿಯ ಮೇಲೆ, ಒಣ ಎಲೆಗಳ ಮೇಲೆ ಟಪಟಪ ನಡೆಸಿದ್ದ. ಎಚ್ಚರವಿರುವ ಮಗಳನ್ನು ಕೈಹಿಡಿದು ಪಕ್ಕದ ಬೀದಿಗೆ ಕರೆದುಕೊಂಡು ಹೋಗಲಾರದವನು ಅವಳ ಬೂಟುಗಳನ್ನು ಮಾತ್ರ ಏಳು ಬೆಟ್ಟ ಹತ್ತಿಸಿ ಇಳಿಸಿದ್ದ. ಆ ಕೆಲಸ ಮುಗಿದ ಮೇಲೂ ಬೂಟುಗಳನ್ನು ಮನೆಗೆ ಒಯ್ಯದೆ ಮೈಕಿನ ಕೆಳಗೇ ಇಟ್ಟುಕೊಂಡಿದ್ದ.

ಈಗ ಉಳಿದಿದ್ದವನು ರಾಜ ಒಬ್ಬನೇ. ಅವನು ಬರುವ ಜಾಗಗಳಲ್ಲಿ ಹೊದಿಕೆ, ದೀಪ, ಗಿಳಿಯ ರೆಕ್ಕೆ ಅಂತ ಚಿಲ್ಲರೆ ಸದ್ದುಗಳೂ ಬಾಕಿಯಿದ್ದವು.

ಗಾಜಿನಾಚೆ ಸದ್ದು ಹಿಡಿದಿಡುವ ಮಿಕ್ಸಿಂಗ್ ಮಾಮ ಕೂತಿದ್ದ. ಚಿತ್ರ ಓಡಿತು. ಸದ್ದಣ್ಣ ರಾಜನ ಕಾಲು ಹುಡುಕಿದ. ಕಾಲೇ ಇಲ್ಲ! ನೆಲ ಗುಡಿಸುವಷ್ಟು ಉದ್ದದ ನಿಲುವಂಗಿ.

"ಮಾಮ, ಈ ರಾಜನಿಗೆ ಯಾವ ಬೂಟು?"

"ಯಾವುದೋ ಒಂದು ಹಾಕೋ ಮಾರಾಯ. ರಾಜ ಏನು ಬಂದು ನಿನ್ನ ಕೇಳ್ತಾನಾ?"

ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ಕಾಲು ಕಾಣದ್ದರಿಂದ ಸದ್ದಣ್ಣನ ಕಣ್ಣು ಮೊದಲ ಬಾರಿಗೆ ಮೊಣಕಾಲು ದಾಟಿ ಮೇಲಕ್ಕೆ ಹೋಯಿತು. ನೋಡಿದ. ನೋಡುತ್ತಾ ಮೈಕು ಬಿಟ್ಟು ಎರಡು ಹೆಜ್ಜೆ ತೆರೆಯ ಹತ್ತಿರ ಸರಿದ.

"ಮಾಮ, ಇನ್ನೊಂದ್ಸಲ ಬಿಡು."

ಮತ್ತೆ ನೋಡಿದ. ರಾಣಿ ಊಟದ ಮೇಜಿನಲ್ಲಿ ಎಲ್ಲರಿಗೂ ಬಡಿಸುತ್ತಾಳೆ, ಪಕ್ಕದಲ್ಲೇ ನಿಂತ ರಾಜನ ಮುಂದೆ ತಟ್ಟೆಯಿಲ್ಲ. ಮಂತ್ರಿ ಆಸ್ಥಾನದಲ್ಲಿ ಮಾತಾಡುತ್ತಾನೆ, ರಾಜನ ಕಡೆ ತಿರುಗುವುದಿಲ್ಲ. ಎಲ್ಲರಿಗೂ ನೆರಳಿದೆ, ರಾಜನಿಗಿಲ್ಲ. ಅವನು ಬಾಗಿಲು ತೆರೆಯುವುದೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸುಮ್ಮನೆ ಇರುತ್ತಾನೆ.

"ಮಾಮ," ಸದ್ದಣ್ಣ ಗಾಜಿನ ಕಡೆ ತಿರುಗಿದ, "ಈ ರಾಜ ಸತ್ತು ಹೋಗಿದಾನೆ."

"ಯಾವ ಸೀನಲ್ಲಿ?"

"ಸಿನಿಮಾ ಶುರುವಾಗೋದಕ್ಕೆ ಮುಂಚೇನೇ! ಯಾರಾದ್ರೂ ಅವನ ಮುಖ ನೋಡ್ತಾರಾ ನೋಡು. ಆ ಮಗು ಒಬ್ಬಳಿಗೇ ಕಾಣ್ತಾನೆ. ನಿದ್ದೆ ಯಾಕೆ ಬರಲ್ಲ ಅವಳಿಗೆ? ಮಾಂತ್ರಿಕನೂ ಇಲ್ಲ, ಮಣ್ಣೂ ಇಲ್ಲ. ಅಪ್ಪ ಸತ್ತಿದಾನೆ, ಅದಕ್ಕೆ. ಹೋಗ್ಲಿ, ಕೊನೇಲಿ ಅವಳಿಗೆ ಪಟ್ಟ ಕಟ್ತಾರಲ್ಲ, ಗಟ್ಟಿಮುಟ್ಟಾಗಿ ಅಪ್ಪ ಬದುಕಿರೋವಾಗ ಮಗಳಿಗೆ ಯಾರಾದ್ರೂ ಕಿರೀಟ ಹಾಕ್ತಾರಾ ಮಾಮ?"

ಮಿಕ್ಸಿಂಗ್ ಮಾಮ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದ. ಅದು ಮುರಿದು ಲೋಟದೊಳಗೆ ಬಿತ್ತು.

*

ಚಹಾದಲ್ಲಿ ಬಿದ್ದ ಬಿಸ್ಕತ್ತು ಮೆತ್ತಗಾಗುವಷ್ಟರಲ್ಲಿ ಸುದ್ದಿ ಸ್ಟುಡಿಯೋದ ಮೂರೂ ಮಹಡಿ ಸುತ್ತಿತ್ತು. ಮೊದಲು ಓಡಿ ಬಂದವರು ರಾಜನಿಗೆ ಕಂಠ ಕೊಟ್ಟಿದ್ದ ಹಿರಿಯ ನಟರು. ಮಾತು ಹಾಗಿರಲಿ, ಅವರ ಕೆಮ್ಮಿಗೂ ಗಾಂಭೀರ್ಯವಿತ್ತು.

"ಏನಯ್ಯಾ, ನಾನು ಹೆಣಕ್ಕೆ ಡೈಲಾಗ್ ಹೇಳಿದೀನಾ? ಮೊದ್ಲೇ ಹೇಳೋದಲ್ವಾ? ಸ್ವಲ್ಪ ಒಳಗಿಂದ, ಬಾವಿಯೊಳಗಿಂದ ಮಾತಾಡಿದ ಹಾಗೆ ಮಾಡ್ತಿದ್ದೆ!"

ಹಿಂದೆಯೇ ಡೈರೆಕ್ಟರು ಬಂದರು. ಇಡೀ ಚಿತ್ರವನ್ನು ಕತ್ತಲಲ್ಲಿ ನೋಡಿ, ಕೈಕಟ್ಟಿ ನಿಂತು, "ನಾನು ಇದನ್ನೇ ಹೇಳೋಕೆ ಹೊರಟಿದ್ದು. ಯಾರಿಗೂ ಅರ್ಥವಾಗಿರಲಿಲ್ಲ, ಅಷ್ಟೆ" ಎಂದರು. ಅವರ ಮುಖ ನೋಡಿದರೆ ಅದು ಅವರಿಗೂ ಆಗಷ್ಟೇ ಅರ್ಥವಾದಂತಿತ್ತು.

"ಹಾಗಾದ್ರೆ ಕೊಂದೋರು ಯಾರು?" ಚಹಾ ಕೊಡುವ ಅಕ್ಕ ಕೆಟಲು ಹಿಡಿದೇ ಕೇಳಿದಳು.

"ಮಂತ್ರಿ!" ಎಂದರು ಕಂಠದವರು. "ನನಗೆ ಅವನ ಮೀಸೆ ಮೇಲೆ ಮೊದಲಿಂದ್ಲೂ ಅನುಮಾನ."

"ಮಂತ್ರಿ ಅಲ್ಲ, ರಾಣಿ," ಅಂದ ಮಿಕ್ಸಿಂಗ್ ಮಾಮ. "ಗಂಡ ಪಕ್ಕದಲ್ಲಿ ನಿಂತಿದ್ರೂ ತಟ್ಟೆ ಹಾಕಲ್ಲ ಅಂದ್ರೆ?"

"ಅಯ್ಯೋ, ತಟ್ಟೆ ಹಾಕದೇ ಇರೋಕೆ ಗಂಡ ಸಾಯಲೇಬೇಕು ಅಂತಿಲ್ಲ ಬಿಡಿ," ಅಂದಳು ಚಹಾದ ಅಕ್ಕ. "ನಮ್ಮನೇಲಿ ಬದುಕಿರೋನಿಗೇ ನಾನು ಹಾಕಿಲ್ಲ."

ಹೀಗೆ ರಾಜನ ಕೊಲೆ ವಿಚಾರಣೆ ಭರದಿಂದ ಸಾಗಿತು. ಹೊತ್ತು ಜಾರುತ್ತಿತ್ತು. ಸದ್ದಣ್ಣ ಮಾತ್ರ ಒಂದು ಮೂಲೆಯಲ್ಲಿ ಅಂಗೈಗೆ ಆ ಪುಟ್ಟ ಬೂಟುಗಳನ್ನು ತೊಟ್ಟು ಕೂತಿದ್ದ. ರಾಜನನ್ನು ಕೊಂದವರು ಯಾರೆಂಬ ಚಿಂತೆ ಅವನಿಗಿರಲಿಲ್ಲ. ಸತ್ತವನೂ ಮಗಳು ಎಚ್ಚರವಿರುವಾಗ ಬಂದು ನಾಲ್ಕು ಮಾತಾಡುತ್ತಾನಲ್ಲ, ಬದುಕಿರುವ ನನಗೆ ಅಷ್ಟೂ ಆಗಲಿಲ್ಲವಲ್ಲ ಎಂಬುದೊಂದೇ ಅವನ ತಲೆಯಲ್ಲಿ ಸುತ್ತುತ್ತಿತ್ತು.

"ಸಾರ್," ಅಂದ ಮೆಲ್ಲಗೆ. "ರಾಜನಿಗೆ ಹೆಜ್ಜೆ ಸದ್ದೇ ಬೇಡ ಅಂತ ಬಿಟ್ಟುಬಿಡೋಣ. ಸತ್ತೋರಿಗೆ ಸದ್ದಿರಲ್ಲ. ನಾನು ಮನೆಗೆ ಹೋಗ್ಲಾ?"

ಡೈರೆಕ್ಟರು ಇನ್ನೇನು ಹೂಂ ಅನ್ನಬೇಕು, ಬಾಗಿಲು ದೂಡಿಕೊಂಡು ಪ್ರೊಡ್ಯೂಸರು ಬಂದರು. ಅವರ ಹಿಂದೆ, ಬೆರಳಿಗೆ ಬಣ್ಣ ಮೆತ್ತಿಕೊಂಡಿದ್ದ ಚಿತ್ರದಕ್ಕ. ಸಿನಿಮಾದ ಅಷ್ಟೂ ಗೊಂಬೆಗಳನ್ನು ಬರೆಸಿದವಳು ಆಕೆ.

"ಯಾರ್ರೀ ಅದು, ಮಕ್ಕಳ ಸಿನಿಮಾದಲ್ಲಿ ಪ್ರೇತ ಹೊಕ್ಕಿದೆ ಅಂದೋರು?"

ಇಷ್ಟು ಹೊತ್ತು ಸದ್ದಣ್ಣನ ಹೆಗಲ ಮೇಲೆ ಕೈಯಿಟ್ಟಿದ್ದವರೆಲ್ಲ ಕೈ ತೆಗೆದರು. ಅಷ್ಟೇ ಸಾಲದೆಂಬಂತೆ ಆ ಕೈಗಳಿಂದಲೇ ಅವನನ್ನು ತೋರಿಸಿದರು.

ಸದ್ದಣ್ಣ ತೊದಲುತ್ತಾ ತಟ್ಟೆ, ನೆರಳು, ಬಾಗಿಲು, ಪಟ್ಟ ಎಲ್ಲವನ್ನೂ ವಿವರಿಸಿದ. ಚಿತ್ರದಕ್ಕ ಕೇಳುತ್ತಾ ಕೇಳುತ್ತಾ ಕೆಂಪಾದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

"ಸದ್ದಣ್ಣಾ, ನಿಮ್ಮ ತಲೆಗೆ ದೊಡ್ಡ ನಮಸ್ಕಾರ. ಆ ರಾಜ ಸತ್ತೂ ಇಲ್ಲ, ಹುಟ್ಟೂ ಇರ್ಲಿಲ್ಲ! ಸಿನಿಮಾ ಪೂರ್ತಿ ಬರೆದು ಮುಗಿದಿತ್ತು. ಆಗ ಪ್ರೊಡ್ಯೂಸರ್ ಸಾರ್ ಅತ್ತೆಯೋರು ನೋಡಿ, 'ಆ ಕೂಸಿಗೆ ಅಪ್ಪ ಇಲ್ವಾ? ಅಪ್ಪ ಇಲ್ದಿರೋ ಮಗು ಕತೆ ಯಾರು ನೋಡ್ತಾರೆ?' ಅಂದ್ರು. ಇವರು ಬಂದು 'ಎಲ್ಲಾದ್ರೂ ಒಂದು ಅಪ್ಪನ್ನ ಅಂಟಿಸಮ್ಮ' ಅಂದ್ರು. ಅಂಟಿಸಿದೆ. ತಟ್ಟೆ ಬರೆಯೋಕೆ, ನೆರಳು ಬಿಡಿಸೋಕೆ, ಮಂತ್ರಿ ಕುತ್ತಿಗೆ ತಿರುಗಿಸೋಕೆ ಹೊತ್ತೆಲ್ಲಿತ್ತು? ಕಾಲು ಬರೆದ್ರೆ ನಡೆಸಬೇಕಾಗುತ್ತೆ ಅಂತ ಉದ್ದ ಅಂಗಿ ತೊಡಿಸಿದೆ."

ಅಂಟಿಸಿದ ಅಪ್ಪ! ಸದ್ದಣ್ಣನಿಗೆ ರಾಜ ಸತ್ತಿದ್ದಾನೆ ಅಂದುಕೊಂಡಾಗ ಆದ ಸಂಕಟಕ್ಕಿಂತ ಇದು ಹೆಚ್ಚೆನಿಸಿತು. ಎಲ್ಲರ ಬದುಕೂ ತಾನೇ ತಾನಾಗಿ ನಡೆಯುತ್ತಿದೆ. ಯಾರೋ ಹೇಳಿದರೆಂದು ಕೊನೆಗೆ ತಂದು ಮೂಲೆಯಲ್ಲಿ ಅಂಟಿಸಿದ ಮನುಷ್ಯ. ತಟ್ಟೆಯಿಲ್ಲದವನು. ಈ ರಾಜ ತನ್ನ ದಾಯಾದಿಯೇ ಸರಿ.

ಪ್ರೊಡ್ಯೂಸರಿಗೆ ಅಂಥ ಯಾವ ಸಂಕಟವೂ ಇರಲಿಲ್ಲ. "ಇವರಿಗೆ ಹೊಳೆದದ್ದು ನಾಳೆ ನೋಡೋ ಜನಕ್ಕೂ ಹೊಳೆಯುತ್ತೆ. ಮಕ್ಕಳು ಹೆದರ್ಕೊಂಡ್ರೆ ಅಪ್ಪಂದಿರು ನನ್ನ ಮನೆ ಮುಂದೆ ಬಂದು ನಿಲ್ತಾರೆ. ರಾಜ ಬದುಕಿದಾನೆ ಅಂತ ಗೊತ್ತಾಗ್ಬೇಕು. ಎಲ್ಲಾ ಸೀನಲ್ಲೂ ಹೆಜ್ಜೆ ಹಾಕ್ರಿ! ಜೋರಾಗಿ! ಆನೆ ನಡೆದ ಹಾಗೆ! ರಾಜ ಬಂದ ಅಂದ್ರೆ ನೆಲ ನಡುಗ್ಬೇಕು. ಇವತ್ತೇ ಬೇಕು, ಸಂಜೆ ಅತ್ತೆಯೋರಿಗೆ ತೋರಿಸ್ಬೇಕು."

*

ಸ್ಟುಡಿಯೋದ ಬೀರುವಿನಲ್ಲಿ ಒಂದು ಜೊತೆ ಬೂಟಿತ್ತು. ಯಾವುದೋ ಯುದ್ಧದ ಸಿನಿಮಾಕ್ಕೆ ತಂದದ್ದು. ಹಿಮ್ಮಡಿಗೆ ಕಬ್ಬಿಣದ ಲಾಳ. ಒಂದೊಂದೂ ನೀರು ತುಂಬಿದ ಕೊಡದಷ್ಟು ಭಾರ. ಸದ್ದಣ್ಣ ಅದರೊಳಗೆ ಇಳಿದ.

"ಲೋ, ಒಂದೊಂದೇ ಸದ್ದು ಹಿಡಿಯೋಣ," ಮಿಕ್ಸಿಂಗ್ ಮಾಮ ಗಾಜಿನಾಚೆಯಿಂದ ಹೇಳಿದ. "ಮೊದ್ಲು ಬೂಟು. ಆಮೇಲೆ ಹೊದಿಕೆ. ಆಮೇಲೆ ಗಿಳಿ."

ಕಿಟಕಿಯಾಚೆ ಬಿಸಿಲು ಹಳದಿಗೆ ತಿರುಗಿತ್ತು. "ಎಲ್ಲಾ ಒಟ್ಟಿಗೇ ಹಿಡಿ ಮಾಮ. ಕಾಲಲ್ಲಿ ಬೂಟು, ಕಂಕುಳಲ್ಲಿ ಹೊದಿಕೆ, ಕೈಯಲ್ಲಿ ಗಿಳಿ. ಮನೆಗೆ ಹೋಗ್ಬೇಕು."

"ಹಾಲಿಗೆ ನೀರು ಬೆರೆಸ್ತಾ ಇದೀಯ. ಆಮೇಲೆ ನೀರು ಬೇಡ ಅಂದ್ರೆ ಏನ್ಮಾಡ್ತೀಯ?"

"ಯಾರೂ ಬೇಡ ಅನ್ನಲ್ಲ. ನೀನು ಹಿಡಿ."

ಗಿಳಿಯ ರೆಕ್ಕೆಗೆ ಸಾಮಾನ್ಯವಾಗಿ ಚರ್ಮದ ಕೈಗವಸು ಬಡಿಯುತ್ತಾರೆ. ಆದರೆ ಇದು ಡೊಳ್ಳುಹೊಟ್ಟೆಯ ಗಿಳಿ. ಕೈಗವಸಿನ ಸದ್ದು ಅದರ ತೂಕಕ್ಕೆ ಸಾಲದು. ಸದ್ದಣ್ಣ ತನ್ನ ರಬ್ಬರ್ ಚಪ್ಪಲಿಗಳನ್ನೇ ಒಂದಕ್ಕೊಂದು ಬಡಿದ. ಕಾಲಲ್ಲಿ ಧಡ್ ಧಡ್, ಕಂಕುಳಲ್ಲಿ ಸರಸರ, ಕೈಯಲ್ಲಿ ಪಟಪಟ, ಬಾಯಲ್ಲಿ ದೀಪ ಆರಿಸುವ ಉಫ್. ದೆವ್ವ ಮೆಟ್ಟಿಕೊಂಡವನಂತೆ ಕುಣಿದ. ಎಲ್ಲ ರಾತ್ರಿಗಳ ಎಲ್ಲ ರಾಜರನ್ನೂ ನಡೆಸಿದ. ಕೊನೆಯ ದೃಶ್ಯದಲ್ಲಿ, ಮಲಗಿದ ಮಗಳನ್ನು ನೋಡುತ್ತಾ ರಾಜ ಹಿಂದೆ ಹಿಂದೆ ಸರಿಯುವಾಗ ಗಿಳಿ ಜೋರಾಗಿ ರೆಕ್ಕೆ ಬಡಿಯಿತು, ಅದೇ ಹೊತ್ತಿಗೆ ಸದ್ದಣ್ಣನ ಎರಡೂ ಚಪ್ಪಲಿಗಳ ಪಟ್ಟಿ ಕಿತ್ತು, ಒಂದು ಮೈಕಿಗೆ, ಒಂದು ಗಾಜಿಗೆ ಹೋಗಿ ಬಡಿಯಿತು.

"ಓಕೆ!" ಅಂದ ಮಾಮ.

ಹಾಕಿಕೊಳ್ಳಲು ಚಪ್ಪಲಿಯಿಲ್ಲ. ಹುಡುಕಲು ಹೊತ್ತಿಲ್ಲ. ಮಗಳ ಹಳೆಯ ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡು, ರಾಜನ ಬೂಟಿನಲ್ಲೇ ಸದ್ದಣ್ಣ ಓಡಿದ.

*

ಬೀದಿ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ನಾಯಿಗಳು ದಾರಿ ಬಿಟ್ಟವು. ಬಸ್ಸಿನಲ್ಲಿ ಪಕ್ಕದವರು ಕಾಲು ಮಡಚಿಕೊಂಡರು. ಕಟ್ಟಡದ ಮೆಟ್ಟಿಲಿಗೆ ಕಾಲಿಟ್ಟಾಗ ಅವನ ಎದೆ ಬೂಟಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಇಂದು ಮೆಲ್ಲಗೆ ನಡೆಯಬೇಕಿಲ್ಲ. ಮಗಳು ಎಚ್ಚರವಿದ್ದಾಳೆ! ಧಡ್, ಧಡ್, ಧಡ್ ಎಂದು ಒಂದು ಮಹಡಿ ಹತ್ತುವಷ್ಟರಲ್ಲಿ ಬಾಗಿಲೊಂದು ತೆರೆಯಿತು. ಕೆಳಮನೆಯ ಅಜ್ಜಿ, ಕೈಯಲ್ಲಿ ಊರುಗೋಲು.

"ಯಾರದು? ಕಟ್ಟಡ ಕೆಡವೋಕೆ ಬಂದ್ಯಾ?"

"ನಾನು ಅಜ್ಜಿ, ಮೇಲ್ಗಡೆ ಮನೆಯೋನು."

"ಮೇಲ್ಗಡೆ ಮನೇಲಿ ಗಂಡಸರೇ ಇಲ್ಲ!" ಅಜ್ಜಿಯ ಊರುಗೋಲು ಅಡ್ಡ ಬಂತು. "ವಕೀಲ್ರೇ! ಸ್ವಲ್ಪ ಬನ್ನಿ! ಯಾರೋ ಮೇಲ್ಗಡೆ ಹೆಣ್ಣುಮಗಳ ಮನೆಗೆ ನುಗ್ತಾ ಇದಾನೆ!"

ಎದುರುಮನೆಯ ವಕೀಲರು ಬನಿಯನ್ನಿನಲ್ಲೇ ಬಂದರು. ಸದ್ದಣ್ಣನನ್ನು ಅಡಿಯಿಂದ ಮುಡಿಯವರೆಗೆ, ಬೂಟಿನ ಬಳಿ ಸ್ವಲ್ಪ ಹೆಚ್ಚು ಹೊತ್ತು, ಪರೀಕ್ಷಿಸಿದರು.

"ನೀವು ಆಕೆಯ ಗಂಡ ಅಂತೀರಿ?"

"ಅಂತೀನಿ ಏನ್ ಸಾರ್, ಗಂಡಾನೇ."

"ಈ ಕಟ್ಟಡದಲ್ಲಿ ಆಕೆಯ ಗಂಡನನ್ನ ಇವತ್ತಿನವರೆಗೂ ಕಂಡೋರಿಲ್ಲ. ಹಗ್ಗದ ಮೇಲೆ ಗಂಡಸಿನ ಅಂಗಿ ಒಣಗುತ್ತೆ, ಒಪ್ಪಿದೆ. ಆದರೆ ಅಂಗಿಯೊಳಗೆ ಮನುಷ್ಯನನ್ನ ಕಂಡ ಸಾಕ್ಷಿ ಇಲ್ಲ."

"ಪಾಪ, ಕಳ್ಳರು ಬರ್ದೇ ಇರ್ಲಿ ಅಂತ ಆ ಹುಡುಗಿ ಅಂಗಿ ಒಣಗಾಕ್ತಾಳೆ," ಅಂದರು ಅಜ್ಜಿ. "ಒಂಟಿ ಹೆಣ್ಣು. ಗಂಡ ತೀರಿಕೊಂಡು ಎಷ್ಟು ದಿನ ಆಯ್ತೋ ಏನೋ. ನಾವು ಕೇಳೋಕೂ ಹೋಗಿಲ್ಲ, ನೊಂದ್ಕೋತಾಳೆ ಅಂತ."

ಸದ್ದಣ್ಣ ಗೋಡೆಗೆ ಒರಗಿದ. ಬೆಳಿಗ್ಗೆ ರಾಜನ ಮೇಲೆ ತಾನು ಹೂಡಿದ ತರ್ಕವೇ ಮೆಟ್ಟಿಲಿಳಿದು ಬಂದು ತನ್ನ ಕುತ್ತಿಗೆ ಹಿಡಿದಿತ್ತು. ತಟ್ಟೆಯಿಲ್ಲ, ನೆರಳಿಲ್ಲ, ಕಂಡವರಿಲ್ಲ.

"ಅಜ್ಜಿ, ಅವಳನ್ನೇ ಕೇಳಿ!"

"ಆಕೆ ಹಾಲು ತರೋಕೆ ಈಗ ತಾನೆ ಹೋದ್ಲು. ಮಗೂನ ನನ್ನ ಹತ್ರ ಬಿಟ್ಟು ಹೋಗಿದಾಳೆ."

ಅಜ್ಜಿಯ ಸೀರೆಯ ಹಿಂದಿನಿಂದ ಚೋಟು ಇಣುಕಿದಳು. ಎರಡು ಜಡೆ. ಹೊಸದಾಗಿ ಬಿದ್ದಿದ್ದ ಮುಂದಿನ ಹಲ್ಲಿನ ಜಾಗದಲ್ಲಿ ಒಂದು ಕಿಂಡಿ. ಹಲ್ಲು ಬಿದ್ದದ್ದು ಸದ್ದಣ್ಣನಿಗೆ ಗೊತ್ತೇ ಇರಲಿಲ್ಲ. ನಿದ್ದೆಯಲ್ಲಿ ಅವಳು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದಳು. ಎಚ್ಚರವಿರುವ ಅವಳ ಕಣ್ಣುಗಳು ಇಷ್ಟು ದೊಡ್ಡವೆಂಬುದೂ ಮರೆತುಹೋಗಿತ್ತು.

"ಸರಿ," ವಕೀಲರು ಬಾಗಿದರು. "ಹೆದರ್ಬೇಡ ಮಗೂ. ಸರಿಯಾಗಿ ನೋಡಿ ಹೇಳು. ಇವರು ನಿಮ್ಮಪ್ಪನಾ?"

ಚೋಟು ನೋಡಿದಳು. ಮುಖ ನೋಡಿದಳು, ಬೆವರಿದ ಅಂಗಿ ನೋಡಿದಳು. ಸದ್ದಣ್ಣ ಆಸೆಯಿಂದ ಒಂದು ಹೆಜ್ಜೆ ಮುಂದಿಟ್ಟ. ಧಡ್! ಅವಳು ಬೆಚ್ಚಿ ಅಜ್ಜಿಯ ಸೆರಗು ಹಿಡಿದುಕೊಂಡಳು.

"ಅಲ್ಲ," ಅಂದಳು. "ಮುಖ ಸ್ವಲ್ಪ ಹಂಗೇ ಇದೆ. ಆದ್ರೆ ನಮ್ಮಪ್ಪನ ಕಾಲಿಗೆ ಸದ್ದೇ ಇರಲ್ಲ."

ಅಜ್ಜಿ ವಕೀಲರ ಕಡೆ, ವಕೀಲರು ಅಜ್ಜಿಯ ಕಡೆ ನೋಡಿದರು. "ಕೇಳಿದ್ರಾ? ಕಾಲಿಗೆ ಸದ್ದಿಲ್ವಂತೆ," ಅಂದ ಅಜ್ಜಿಯ ದನಿ ನಡುಗಿತು. "ಶಿವನೇ. ಮಗೂಗೆ ಕಾಣಿಸ್ಕೋತಾನೆ ಅಂತ ಕಾಣುತ್ತೆ."

ಸದ್ದಣ್ಣ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದ, ಒಂದು, ಎರಡು. ಬರಿಗಾಲಲ್ಲಿ ಎದ್ದು ನಿಂತು, ಅವನಿಗೆ ಮಾತ್ರ ಬರುವ ಆ ನಡಿಗೆಯಲ್ಲಿ, ಗಾಳಿ ಸರಿದಂತೆ ಮಗಳ ಬಳಿಗೆ ನಡೆದ. ಅವನು ಬರುವುದನ್ನು ಕಂಡ ಚೋಟು ತಟ್ಟನೆ ಕಣ್ಣು ಮುಚ್ಚಿಕೊಂಡಳು. ಅವನು ಬಾಗಿ, ಇಲ್ಲದ ಹೊದಿಕೆಯನ್ನು ಅವಳ ಗಲ್ಲದವರೆಗೆ ಎಳೆದ.

"ಹಾಂ," ಅಂದಳು ಚೋಟು, ಕಣ್ಣು ಮುಚ್ಚಿಕೊಂಡೇ. ಮುಖ ಅಗಲವಾಗಿ ಹಲ್ಲಿನ ಕಿಂಡಿ ಕಾಣಿಸಿತು. "ಇದು ಅಪ್ಪ."

"ನಿನಗೆ... ನೀನು ದಿನಾ ಎಚ್ಚರ ಇರ್ತಿದ್ಯಾ?"

"ಹೂಂ."

"ಮತ್ತೆ ಯಾಕೆ ಕಣ್ಣು ಬಿಡ್ತಿರ್ಲಿಲ್ಲ ಪುಟ್ಟಾ?"

"ನಾನೆದ್ರೆ ನಿಂಗೆ ಬೇಜಾರಾಗುತ್ತೆ ಅಂತ. ಅಷ್ಟು ಕಷ್ಟಪಟ್ಟು ಮೆತ್ತಗೆ ಬರ್ತೀಯಲ್ಲ."

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ವಕೀಲರು ತಮ್ಮ ಬನಿಯನ್ನನ್ನೇ ಸರಿಪಡಿಸಿಕೊಂಡು, "ಗುರುತು ಪತ್ತೆಯಾಗಿದೆ" ಎಂದು ತೀರ್ಪು ಕೊಟ್ಟರು. ಹಾಲು ಹಿಡಿದು ಮೆಟ್ಟಿಲು ಹತ್ತಿ ಬಂದ ಹೆಂಡತಿ, ಬರಿಗಾಲಲ್ಲಿ ನೆಲಕ್ಕೆ ಕೂತಿದ್ದ ಗಂಡನನ್ನೂ ಅವನ ಕುತ್ತಿಗೆಗೆ ಜೋತುಬಿದ್ದಿದ್ದ ಮಗಳನ್ನೂ ಪಕ್ಕದಲ್ಲಿದ್ದ ಭೂತಾಕಾರದ ಬೂಟನ್ನೂ ನೋಡಿ, "ಕೊನೆಗೂ ಬಂದ್ರಾ? ಇದ್ಯಾರ ಬೂಟು?" ಎಂದಳು.

*

ಊಟಕ್ಕೆ ಕೂತರು. ಮೂರು ತಟ್ಟೆ. ಸದ್ದಣ್ಣ ತನ್ನ ತಟ್ಟೆಯನ್ನು ಎರಡು ಸಲ ಮುಟ್ಟಿ ನೋಡಿಕೊಂಡ. ಮೊದಲ ತುತ್ತು ಬಾಯಿಯ ಹತ್ತಿರ ಹೋಗಿತ್ತು, ಫೋನು ಹೊಡೆದುಕೊಂಡಿತು. ಮಿಕ್ಸಿಂಗ್ ಮಾಮ.

"ಸದ್ದಣ್ಣಾ, ಕೂತಿದೀಯಾ? ಕೂತ್ಕೊಂಡೇ ಕೇಳು. ಅತ್ತೆಯೋರು ಸಿನಿಮಾ ನೋಡಿದ್ರು. ಅವಸರದಲ್ಲಿ ಕೊನೇ ಭಾಗ ಮಾತ್ರ ಹಳೇದು ಹೋಗ್ಬಿಟ್ಟಿತ್ತು, ನಿನ್ನ ಹೆಜ್ಜೆ ಇಲ್ದೇ ಇರೋದು."

"ಬೈದ್ರಾ?"

"ಮೊದಲ್ನೇದಕ್ಕೆಲ್ಲಾ ಬೈದ್ರು. 'ಇದ್ಯಾರು ಗುದ್ದಲಿ ಹಿಡಿದು ಅರಮನೆ ನೆಲ ಅಗೀತಿರೋನು' ಅಂದ್ರು. ಕೊನೇದು ನೋಡಿ ಗಳಗಳ ಅತ್ತುಬಿಟ್ರಂತೆ. 'ಸದ್ದಿಲ್ದೇ ಬಂದು ಹೊದಿಸಿ ಹೋಗ್ತಾನಲ್ಲ, ನಮ್ಮೆಜಮಾನ್ರೂ ಹೀಗೇ ಬರೋರು' ಅಂತ. ಈಗ ಇಡೀ ಸಿನಿಮಾದಲ್ಲಿ ರಾಜನ ಹೆಜ್ಜೆ ಒಂದೂ ಬೇಡ್ವಂತೆ."

"ಅಷ್ಟೇನಾ? ತೆಗೆದುಹಾಕು ಮಾಮ. ಒಳ್ಳೇದೇ ಆಯ್ತು."

ಆ ಕಡೆ ಮಾಮ ಲೊಚಗುಟ್ಟಿದ.

"ಹೇಗೋ ತೆಗೀಲಿ? ಹೊದಿಕೆ, ದೀಪ, ಗಿಳಿ, ಬೂಟು ಎಲ್ಲಾ ಒಟ್ಟಿಗೇ ಕಲಸಿದೀಯಲ್ಲ. ಬೂಟು ತೆಗೆದ್ರೆ ಗಿಳೀನೂ ಹೋಗುತ್ತೆ. ಎಲ್ಲಾ ಮೊದಲಿಂದ ಮಾಡ್ಬೇಕು. ಇನ್ನೊಂದು ವಿಷ್ಯ. ಡೈರೆಕ್ಟರು ಖುಷಿಯಾಗಿ, ಅಪ್ಪನ್ನ ಇನ್ನೂ ನಾಲ್ಕು ಕಡೆ ಅಂಟಿಸೋಣ ಅಂತಿದಾರೆ. ಬೆಳಕು ಹರಿಯೋ ಮುಂಚೆ ಬಂದ್ಬಿಡು."

ಸದ್ದಣ್ಣ ಫೋನು ಕೆಳಗಿಟ್ಟ. ಹೆಂಡತಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಚೋಟು ತುತ್ತು ಅಗಿಯುತ್ತಾ ಇಬ್ಬರ ಮುಖವನ್ನೂ ಓದಿದಳು.

"ನಾಳೆ ಬೇಗ ಹೋಗ್ತೀಯಾ?"

"ಹೂಂ ಪುಟ್ಟಾ."

"ಬರೋದು ಲೇಟಾ?"

"...ಹೂಂ."

ಚೋಟು ಬಾಗಿಲ ಬಳಿ ಇದ್ದ ಬೂಟುಗಳ ಕಡೆ ನೋಡಿ ಹೇಳಿದಳು.

"ಹಂಗಾದ್ರೆ ಅದನ್ನೇ ಹಾಕ್ಕೊಂಡು ಹೋಗು. ಬರೋವಾಗ್ಲೂ ಅದನ್ನೇ ಹಾಕ್ಕೊಂಡು ಬಾ. ನಂಗೆ ಗೊತ್ತಾಗುತ್ತೆ."

ಮರುದಿನ ನಸುಕಿನಲ್ಲಿ ಸದ್ದಣ್ಣ ಚಪ್ಪಲಿಯಿಲ್ಲದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕ್ಷಣ ಹೊಸ್ತಿಲಲ್ಲಿ ನಿಂತ. ಆಮೇಲೆ ಬೂಟು ಮೆಟ್ಟಿದ. ಇಡೀ ದಿನ ರಾಜನ ಹೆಜ್ಜೆಗಳನ್ನು ಅಳಿಸಬೇಕಾಗಿದ್ದ ಮನುಷ್ಯ ರಾಜನ ಹಾಗೇ ಮೆಟ್ಟಿಲಿಳಿಯತೊಡಗಿದ. ಧಡ್, ಧಡ್, ಧಡ್. ಒಂದೊಂದೇ ಮಹಡಿಯ ದೀಪ ಹೊತ್ತಿಕೊಂಡಿತು. ಕೆಳಮನೆಯ ಬಾಗಿಲೊಳಗಿಂದ ಊರುಗೋಲು ಸಿಟ್ಟಿನಿಂದ ನೆಲ ಕುಟ್ಟಿತು.

"ಯಾರದು, ಇಷ್ಟು ಹೊತ್ತಲ್ಲಿ?"

ಸದ್ದಣ್ಣ ಉತ್ತರಿಸಲು ಬಾಯಿ ತೆರೆಯುವ ಮುಂಚೆಯೇ ಎರಡನೇ ಮಹಡಿಯಿಂದ, ನಿದ್ದೆಯ ಲವಲೇಶವೂ ಇಲ್ಲದ ದನಿಯೊಂದು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿತು.

"ನಮ್ಮಪ್ಪ, ಅಜ್ಜೀ! ಹೋಗ್ತಾ ಇದಾನೆ!"